ಹಲ್ಲು ಕಟ್ಟುವವಳ ಟ್ಯಾಂಕು

ಅವಳ ಕಸುಬು ಹಲ್ಲು ಕಟ್ಟುವುದು. ಡಾಕ್ಟರಲ್ಲ, ಡಾಕ್ಟರರು ಕಳಿಸಿದ ದವಡೆಯ ಅಚ್ಚು ನೋಡಿಕೊಂಡು ಮೇಣ, ಬಿಳಿ ಗಾರೆಪುಡಿ, ತಂತಿಗಳಲ್ಲಿ ಕೆಲಸ ಮಾಡುವವಳು. ಆದರೂ ಬೀದಿಗೆಲ್ಲ ಅವಳು ‘ಹಲ್ಲಿನ ಮೇಡಂ’. ದವಡೆ ಹಿಡಿದುಕೊಂಡು ಬಾಗಿಲಿಗೆ ಬಂದವರಿಗೆ, ತಾನು ಕೀಳುವವಳಲ್ಲ, ಕಟ್ಟುವವಳು ಎಂದು ತಿಳಿಹೇಳಿ ಕಳಿಸುವಷ್ಟರಲ್ಲಿ ಅವಳಿಗೆ ಸಾಕುಬೇಕಾಗುತ್ತಿತ್ತು.

ಅವಳ ಲ್ಯಾಬಿನ ಕೆಳಗೆ ಒಂದು ಆಟಿಕೆ ಅಂಗಡಿಯಿತ್ತು. ಅಂಗಡಿ ಮುಚ್ಚುವ ವಾರ ಅದರ ಮಾಲೀಕ ಮೆಟ್ಟಿಲು ಹತ್ತಿ ಬಂದು, ಹಿಂದೊಮ್ಮೆ ಗೊಂಬೆಯ ಮುರಿದ ಬೆರಳು ಕೂಡಿಸಿಕೊಟ್ಟಿದ್ದಿರಿ, ಏನಾದರೂ ತೆಗೆದುಕೊಳ್ಳಿ ಎಂದ. ಅವಳು ಆರಿಸಿದ್ದು ಮೂಲೆ ಹರಿದ, ಯಾರಿಗೂ ಬೇಡವಾಗಿ ಉಳಿದಿದ್ದ ಡಬ್ಬಿ. ಒಳಗಿದ್ದದ್ದು ಜೋಡಿಸಿ ಮಾಡುವ ಟ್ಯಾಂಕು. ಯುದ್ಧದ ಮೇಲೆ ಅವಳಿಗೇನೂ ಒಲವಿರಲಿಲ್ಲ. ಆದರೆ ಮುಚ್ಚಳ ತೆರೆದಾಗ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ನೂರಾರು ಬಿಡಿಭಾಗಗಳು ಕಂಡವು. ಕೆಲವು ಸಾಸಿವೆಯಷ್ಟು ಸಣ್ಣವು. ಇಷ್ಟು ಪುಟ್ಟ ಕೊಕ್ಕೆ ಯಾಕೆ? ಅದಕ್ಕೇನು ತಗುಲಿಸುತ್ತಿದ್ದರು? ತಲೆಗೆ ಹುಳ ಬಿಟ್ಟ ಹಾಗಾಯಿತು.

“ನಮ್ಮಿಬ್ಬರ ಜಗಳ ಸಾಲದು ಅಂತ ಮನೆಗೆ ಟ್ಯಾಂಕ್ ಬೇರೆ ತಂದ್ಯಾ?” ಎಂದು ಗಂಡ ಕೇಳಿದ. ಕೇಳಿದವನೇ ಊಟದ ಮೇಜಿನ ಅರ್ಧ ಭಾಗ ಬಿಟ್ಟುಕೊಟ್ಟ.

ಭಾನುವಾರಗಳೆಲ್ಲ ಆ ಮೇಜಿಗೇ ಮುಡಿಪಾದವು. ಲ್ಯಾಬಿನ ಸಣ್ಣ ಅರದಿಂದ ಅಂಚುಗಳನ್ನು ಉಜ್ಜಿದಳು. ಮೇಣ ತೀಡುವ ಕಡ್ಡಿಯಿಂದ ಬೆಸುಗೆಯ ಗೆರೆ ಎಬ್ಬಿಸಿದಳು. ಎರಡು ಹೋಳು ಕೂಡಿದ ಜಾಗವನ್ನು ಹುಡುಕಿದರೂ ಕಾಣದ ಹಾಗೆ ನುಣುಪು ಮಾಡಿ, ಹಸಿರು ಬಣ್ಣ ಬಳಿದು, ಗಾಲಿಗಳನ್ನು ಸುತ್ತುವ ಚೈನಿಗೆ ತುಕ್ಕಿನ ಕೆಂಪು ಹಚ್ಚಿ ಒಣಗಲು ಇಟ್ಟಳು.

ಅಡುಗೆಮನೆಯಿಂದ ತಿರುಗಿ ಬಂದಾಗ ಮಾವ ಮೇಜಿನ ಮಟ್ಟಕ್ಕೆ ಬಗ್ಗಿ, ಕನ್ನಡಕ ಹಣೆಗೇರಿಸಿ, ಟ್ಯಾಂಕನ್ನೇ ನೋಡುತ್ತಿದ್ದರು. ಮಾವ ಮಣ್ಣು ತಳ್ಳುವ ಬುಲ್ಡೋಜರ್ ಓಡಿಸಿ ನಿವೃತ್ತರಾದವರು. ಮದುವೆಯಾಗಿ ಬಂದಾಗಿನಿಂದ ಅವರು ಅವಳೊಂದಿಗೆ ಆಡಿದ ಮಾತುಗಳು ಕಾಫಿ, ಪೇಪರು, ಬಾಗಿಲ ಚಿಲಕ ಇವನ್ನು ದಾಟಿರಲಿಲ್ಲ. ಸಿಟ್ಟೇನಲ್ಲ, ಅವರಿದ್ದದ್ದೇ ಹಾಗೆ.

“ಇದು ಓಡಲ್ಲ,” ಎಂದರು.

ಇದು ಬ್ಯಾಟರಿ ಆಟಿಕೆಯಲ್ಲ, ನೋಡೋದಕ್ಕೆ ಮಾತ್ರ ಎಂದು ಅವಳು ವಿವರಿಸಲು ಹೊರಟಳು.

“ಅದು ಗೊತ್ತಮ್ಮ. ನಿಜವಾದ್ದೇ ಆಗಿದ್ರೂ ಓಡಲ್ಲ ಅಂತಿದೀನಿ. ಚೈನು ಇಷ್ಟು ಬಿಗಿ ಇದ್ರೆ ಬೀದಿ ದಾಟೋದ್ರೊಳಗೆ ಕಡಿದು ಹೋಗುತ್ತೆ. ಮೇಲುಗಡೆ ಜೋಲಬೇಕು. ಮತ್ತೆ, ಓಡೋ ಚೈನಿಗೆ ತುಕ್ಕು ಎಲ್ಲಿಂದ ಬರುತ್ತೆ? ನೆಲ ಉಜ್ಜಿ ಉಜ್ಜಿ ಬೆಳ್ಳಿ ಥರ ಹೊಳೀತಿರುತ್ತೆ.”

ಅಷ್ಟೂ ವರ್ಷದಲ್ಲಿ ಒಂದೇ ಉಸಿರಿಗೆ ಮಾವ ಇಷ್ಟು ಮಾತಾಡಿದ್ದು ಅವಳು ಕೇಳಿರಲಿಲ್ಲ. ತಪ್ಪು ತೋರಿಸಿದರೆಂಬ ಬೇಸರಕ್ಕಿಂತ, ಇವರ ಹತ್ತಿರ ಇನ್ನೂ ಏನೇನಿದೆಯೋ ಎಂಬ ಕುತೂಹಲವೇ ಮುಂದಾಯಿತು. ಕೊಕ್ಕೆ ತೋರಿಸಿ ಕೇಳಿದಳು. ಮಾವ ಹೇಳುತ್ತಾ ಹೋದರು. ಮುಂಭಾಗಕ್ಕೆ ಬಿಗಿಯುವ ಚೈನಿನ ಬಿಡಿ ಕೊಂಡಿಗಳು ಅಲಂಕಾರಕ್ಕಲ್ಲ. ನಡುದಾರಿಯಲ್ಲಿ ಕಡಿದರೆ ತಂದುಕೊಡಲು ಯಾರೂ ಬರುವುದಿಲ್ಲ. ಕೊಕ್ಕೆಗೆ ಬಕೆಟ್ಟೋ ಹಗ್ಗವೋ ನೇತಾಡುತ್ತಿರುತ್ತದೆ. ಹತ್ತುವವನು ದಿನವೂ ಒಂದೇ ಕಡೆಯಿಂದ ಹತ್ತುತ್ತಾನೆ, ಅಲ್ಲಿಯ ಬಣ್ಣವೇ ಮೊದಲು ಸವೆಯುತ್ತದೆ.

ಮಣ್ಣು ಎಲ್ಲೆಲ್ಲಿ ಕೂರುತ್ತದೆ ಎಂದು ಅವಳು ಕೇಳಿದ್ದಕ್ಕೆ ಮಾವ ಚಪ್ಪಲಿ ಮೆಟ್ಟಿ, ಅವಳನ್ನು ಕರೆದುಕೊಂಡು ಹೊರಟರು. ಬೀದಿಯ ಕೊನೆಯಲ್ಲಿ ಚೈನಿನ ಮೇಲೆ ಓಡುವ ಯಂತ್ರವೊಂದು ಕಟ್ಟಡಕ್ಕೆ ಅಡಿಪಾಯ ತೋಡುತ್ತಿತ್ತು. ಮಾವ ಅದರ ಡ್ರೈವರನ ಹತ್ತಿರ ಏನೋ ಎರಡು ಮಾತಾಡಿದರು. ಅವನು ಎಂಜಿನ್ ಆರಿಸಿ ಕೆಳಗಿಳಿದ. ಅವಳು ಕೈಚೀಲ ಹೆಗಲಿಗೇರಿಸಿ ಯಂತ್ರದ ಅಡಿ ತೂರಿ, ಗಾಲಿಗಳ ಫೋಟೋ ಹಿಡಿಯತೊಡಗಿದಳು. ಇದನ್ನು ಕಂಡ ಮೇಸ್ತ್ರಿ, ಯಾರೋ ತಪಾಸಣೆಗೆ ಬಂದಿರಬೇಕೆಂದು ಎದ್ದುಬಿದ್ದು ಓಡಿಬಂದು, ಎಲ್ಲಾ ಪರವಾನಗಿ ಇದೆ ಮೇಡಂ ಎಂದು ಕೈಕಟ್ಟಿ ನಿಂತ. ಮಾವ ಅವನಿಗೆ ನಿಜ ಹೇಳುವ ಗೋಜಿಗೇ ಹೋಗಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಅವರ ಭುಜ ಕುಲುಕುತ್ತಿತ್ತು.

ಅವಳು ಮತ್ತೆ ಕೆಲಸಕ್ಕೆ ಕೂತಳು. ಹಲ್ಲಿಗೆ ಬಿಗಿಯುವ ತಂತಿಯ ಚೂರುಗಳಿಂದ ಚೈನನ್ನು ಒಳಗಿನಿಂದ ಎಳೆದು, ಗಾಲಿಗಳ ಮೇಲೆ ಜೋಲು ಬೀಳಿಸಿದಳು. ಗಾರೆಪುಡಿಗೆ ಕಂದು ಬಣ್ಣ ಕಲಸಿ ಕೆಸರು ಮಾಡಿದಳು: ಗಾಲಿಗಳ ಸಂದಿಯಲ್ಲಿ ದಪ್ಪಗೆ, ಒಣಗಿ ಬಿರಿದದ್ದು ಮೇಲೆ, ಹಸಿಯದು ಕೆಳಗೆ. ಮಾವ ಎದುರು ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಾ ಕಣ್ಣಿಟ್ಟಿರುತ್ತಿದ್ದರು. ಒಂದು ಮಧ್ಯಾಹ್ನ, ಓಡಿಸುವವನು ಎಲ್ಲಿ ಎಂದು ವಿಚಾರಿಸಿದರು. ಡಬ್ಬಿಯಲ್ಲಿದ್ದ ಗೊಂಬೆಗೆ ಬಣ್ಣ ಕೊಟ್ಟು, ಕಿಂಡಿಯಿಂದ ತಲೆ ಹೊರಹಾಕಿದ ಹಾಗೆ ಕೂರಿಸಿದಳು.

“ಕತ್ತು ನೆಟ್ಟಗಿದೆಯಲ್ಲ,” ಎಂದರು ಮಾವ. “ನಾವು ಮುಂದೆ ನೋಡೋದು ಕಮ್ಮಿ. ಚೈನು ಸರಿಯಾಗಿ ಬರ್ತಿದೆಯಾ ಅಂತ ಪಕ್ಕಕ್ಕೆ ಬಗ್ಗಿ ನೋಡ್ತಾನೇ ಇರ್ತೀವಿ. ನಂಗೆ ಮನೇಲಿ ಮಲಗಿದ್ರೂ ಕತ್ತು ಎಡಕ್ಕೇ ವಾಲುತ್ತೆ. ನಿಮ್ಮತ್ತೆ ಇದ್ದಾಗ ನಗೋಳು.”

ಅವಳು ನಗಲಿಲ್ಲ. ತೆಳು ಗರಗಸದಿಂದ ಗೊಂಬೆಯ ಕತ್ತು ಕೊಯ್ದು, ಕೂದಲೆಳೆಯಷ್ಟು ಎಡಕ್ಕೆ ವಾಲಿಸಿ ಅಂಟಿಸಿದಳು. ಮಾವ ಬಹಳ ಹೊತ್ತು ನೋಡಿದರು; ಆಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಟ್ಯಾಂಕನ್ನು ಪಡಸಾಲೆಯ ಕಪಾಟಿನಲ್ಲಿಟ್ಟಿದ್ದಾಯಿತು. ಬಂದವರು ಧೂಳೆಂದು ಊದಿದರೆ, ಅದು ಕೆಸರು, ಮುಟ್ಟಬೇಡಿ ಎಂದು ಗಂಡನೇ ಅಡ್ಡ ಬರುತ್ತಿದ್ದ.

ಮುಂದಿನ ವಾರ ಮಾವ ಹೇಳದೆ ಕೇಳದೆ ಬಸ್ಸು ಹತ್ತಿ ಲ್ಯಾಬಿಗೇ ಬಂದುಬಿಟ್ಟರು. ಅವಳು ಸ್ಟೂಲು ಎಳೆದುಕೊಟ್ಟಳು. ಸಾಲಾಗಿಟ್ಟಿದ್ದ ದವಡೆಯ ಅಚ್ಚುಗಳಲ್ಲಿ ಒಂದನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿದರು.

“ಈ ಮನುಷ್ಯ ಒಂದೇ ಕಡೆ ಅಗಿಯೋನು ಅಲ್ವಾ? ಬಲಗಡೆ ಪೂರಾ ಸವೆದಿದೆ.”

ಹೌದೆಂದಳು.

“ಇನ್ನೊಂದು ಕಡೆ ಏನಾಗಿತ್ತಂತೆ?”

ಅವಳಿಗೆ ಗೊತ್ತಿರಲಿಲ್ಲ. ಅಚ್ಚುಗಳು ಬರುವುದು ನಂಬರು ಹೊತ್ತು, ಯಾರದೆಂದು ಯಾರೂ ಹೇಳುವುದಿಲ್ಲ. ಅವಳೂ ಈವರೆಗೆ ಕೇಳಿರಲಿಲ್ಲ. ಅಚ್ಚನ್ನು ಮಾವನ ಕೈಯಿಂದ ತೆಗೆದುಕೊಂಡು, ಅದರ ಎಡಭಾಗವನ್ನು ಬೆಳಕಿಗೆ ತಿರುಗಿಸಿ, ತಾನೂ ನೋಡತೊಡಗಿದಳು.