ಕರಾರಿನಲ್ಲಿ ಬಿಟ್ಟುಹೋದ ಎಲೆ

ಸೀನು ಬಂದರೆ ನಮ್ಮ ಲೇಬರ್ ಸಾಹೇಬರ ಎರಡೂ ಕಿವಿ ಕೆಂಪಾಗುತ್ತಿದ್ದವು. ಆರೇಳು ಸಲ ಸಾಲಾಗಿ ಸೀನಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಹಾಂ, ಮುಂದ ಹೇಳ್ರಿ” ಅನ್ನುತ್ತಿದ್ದರು. ತಂಬಾಕಿನ ಧೂಳು ಅವರಿಗೆ ಆಗಿಬರುತ್ತಿರಲಿಲ್ಲ. ಅಂಥವರನ್ನೇ ಹುಡುಕಿ ಸರ್ಕಾರ ನಿಪ್ಪಾಣಿಯ ಬೀಡಿ ಮುಷ್ಕರದಲ್ಲಿ ರಾಜಿ ಮಾಡಿಸಲು ಕಳಿಸಿತ್ತು. ಸರ್ಕಾರದ ಬುದ್ಧಿಗೆ ಏನನ್ನಬೇಕು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಓಣಿಯ ಹೆಂಗಸರು ಹೂಡಿದ ಮೊದಲ ಮುಷ್ಕರ ಅದು. ಮನೆಯಲ್ಲಿ ಕೂತು ಬೀಡಿ ಕಟ್ಟಿ ಮಾಲೀಕನಿಗೆ ಒಪ್ಪಿಸುವವರು ನಾವು. ಸಾವಿರ ಬೀಡಿಗೆ ಕೊಡುವ ಮಜೂರಿ ಹೆಚ್ಚಿಸಿರಿ ಅನ್ನುವುದೊಂದೇ ನಮ್ಮ ಬೇಡಿಕೆ. ಏಳನೆಯ ಇಯತ್ತೆ ಓದಿದ್ದೆನೆಂದು ನನ್ನನ್ನು ಮುಂದೆ ತಳ್ಳಿದ್ದರು. ತಿಂಗಳು ದಾಟಿತ್ತು. ನಮ್ಮವ್ವ ಅರ್ಧ ರೊಟ್ಟಿ ತಿಂದು “ಹೊಟ್ಟಿ ತುಂಬೇತಿ” ಅನ್ನುವುದನ್ನು ಕಲಿತಿದ್ದಳು.

ಮಾತುಕತೆ ಚಿಕ್ಕೋಡಿಯ ಪ್ರವಾಸಿ ಮಂದಿರದಲ್ಲಿ. ಬೀಡಿ ಕಟ್ಟುವ ಹೆಂಗಸರ ಜೊತೆ ಒಂದೇ ಕೋಣೆಯಲ್ಲಿ ಕೂಡಲು ಮಾಲೀಕ ಒಪ್ಪಲಿಲ್ಲ. ಅವನು ಮುಂದಿನ ಕೋಣೆಯಲ್ಲಿ, ನಾವು ಹಿಂದಿನ ಪಡಸಾಲೆಯಲ್ಲಿ. ಸಾಹೇಬರು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಇಡೀ ದಿನ ನಡೆದಾಡುತ್ತಿದ್ದರು. ಮಾಲೀಕ ಚಹಾ ತರಿಸಿದರೆ “ಹಿಂದ ಹೆಣ್ಮಕ್ಕಳಿಗೆ ಕೊಟ್ಟು ಬರ್ರಿ, ಆಮ್ಯಾಲೆ ಕುಡಿತೀನಿ” ಅನ್ನುತ್ತಿದ್ದರು. ನಮ್ಮ ಕಡೆ ಬಂದರೆ ಚಾಪೆಯ ಮೇಲೆಯೇ ಕೂಡುವರು. ಒಂದು ಸಲ ನಮ್ಮವ್ವನ ಚೀಲದಲ್ಲಿ ಉಳಿದಿದ್ದ ಎಲೆ, ತಂಬಾಕು, ಕತ್ತರಿ ಇಸಿದುಕೊಂಡು ತಾವೂ ಒಂದು ಬೀಡಿ ಕಟ್ಟಿದರು. ಮೂಲಂಗಿಯಷ್ಟು ದಪ್ಪ. “ಸಾಹೇಬ್ರ, ಇದನ್ನ ಸೇದಾಕ ಇಬ್ಬರು ಬೇಕ್ರಿ,” ಅಂದಳು ನಮ್ಮವ್ವ. ಅವರು ನಕ್ಕು ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು.

“ನೀವರ ಹೊಡದು ಬಡದು ಹೇಳ್ರಿ ಅವಗ,” ಎಂದು ನಾನು ಸಿಟ್ಟಿನಿಂದ ಅಂದಿದ್ದೆ.

“ನನ್ನ ಕೈಯಾಗ ಕೋಲಿಲ್ಲ ತಂಗಿ. ಇಬ್ಬರನ್ನೂ ಮಾತಾಡಸೂದು, ಒಪ್ಪಿಸೂದು, ಇಷ್ಟ ನನ್ನ ಕೆಲಸ.”

ನಾಲ್ಕನೆಯ ದಿನ ಮಾಲೀಕ ಒಪ್ಪಿದ. ಸಾಹೇಬರು ಕರಾರನ್ನು ಕನ್ನಡದಲ್ಲಿ ಓದಿ, ಮತ್ತೆ ಮರಾಠಿಯಲ್ಲಿ ಹೇಳಿದರು. “ಏನರ ಬಿಟ್ಟೈತೇನು? ವಿಚಾರ ಮಾಡಿ ಹೇಳ್ರಿ. ಸಹಿ ಆದ್ರ ಮೂರು ವರ್ಷ ಇದ ಕಾಯ್ದೆ. ನಡುವ ಮತ್ತ ಮುಷ್ಕರ ಮಾಡಾಕ ಬರೂದಿಲ್ಲ.” ನಾನು ಕಾಗದ ಇಸಿದುಕೊಂಡು ದೊಡ್ಡ ಜಾಣೆಯ ಹಾಗೆ ಓದಿದೆ. “ಎಲ್ಲಾ ಬಂತ್ರಿ,” ಅಂದೆ. ಸಹಿ ಮಾಡಿದೆ. ಉಳಿದವರು ಹೆಬ್ಬೆಟ್ಟು ಒತ್ತಿದರು.

ಬಿಟ್ಟುಹೋದದ್ದು ಎಲೆ. ಬೀಡಿಗೆ ಬೇಕಾದ ಎಲೆ, ತಂಬಾಕು, ದಾರ ಮಾಲೀಕನೇ ತೂಗಿ ಕೊಡುವುದು ರೂಢಿ. ಸಾವಿರಕ್ಕೆ ಇಷ್ಟು ಎಲೆ ಎಂದು ಅಜ್ಜಿಯ ಕಾಲದಿಂದ ನಡೆದು ಬಂದದ್ದು. ರೊಟ್ಟಿ ಹಿಟ್ಟಿಗೆ ಎಷ್ಟು ನೀರು ಅಂತ ಯಾರಾದರೂ ಬರೆದಿಡುತ್ತಾರೆಯೇ? ನಾವೂ ಬರೆಸಲಿಲ್ಲ. ಎರಡನೆಯ ವಾರಕ್ಕೇ ಎಲೆ ಕಡಿಮೆ ಬಂತು. ಕೊಟ್ಟ ಎಲೆಯಲ್ಲಿ ಎಂಟುನೂರು ಬೀಡಿ ಆದರೆ ಹೆಚ್ಚು. ಒಪ್ಪಿಸಬೇಕಾದದ್ದು ಮಾತ್ರ ಸಾವಿರ. ಉಳಿದ ಎಲೆಯನ್ನು ಪೇಟೆಯಲ್ಲಿ ನಾವೇ ಕೊಳ್ಳಬೇಕಾಯಿತು. ಹೆಚ್ಚಾದ ಮಜೂರಿ ಅದಕ್ಕೇ ಹೋಯಿತು.

ಸುದ್ದಿ ಮುಟ್ಟಿಸಿದಾಗ ಸಾಹೇಬರು ಕರಾರನ್ನು ಎರಡು ಸಲ ಓದಿದರು.

“ನೀವು ಕೇಳಿದ್ರಿ. ನಾನ ಎಲ್ಲಾ ಬಂತು ಅಂದ್ನಿ,” ಎಂದೆ. ಅಳು ಒತ್ತಿ ಬಂದಿತ್ತು.

“ನೀ ಸುಮ್ನಿರು. ಸರ್ಕಾರದ ಪಗಾರ ತಗೊಳ್ಳಾವ ನಾನು, ನೀ ಅಲ್ಲ.”

ಅವತ್ತೇ ನನ್ನನ್ನು ಕರೆದುಕೊಂಡು ಮಾಲೀಕನ ಹತ್ತಿರ ಹೋದರು. ಅವನು ಎದ್ದು ಖುರ್ಚಿ ಕೊಟ್ಟ, ನಮಸ್ಕಾರ ಮಾಡಿದ. “ಕರಾರು ಮುರದಿಲ್ಲಲ್ರಿ ನಾನು. ಎಲಿ ಇಷ್ಟ ಕೊಡಬೇಕಂತ ಎಲ್ಲಿ ಬರದೈತ್ರಿ, ತೋರಸ್ರಿ,” ಅಂದ. ಸಾಹೇಬರು ಸೀನುತ್ತ ಸೀನುತ್ತ ಅವನಿಗೆ ನ್ಯಾಯ ಹೇಳಿದರು, ಕೊನೆಗೆ ಕೈ ಮುಗಿದರು. ನನಗೆ ನೋಡಲಾಗಲಿಲ್ಲ. ಸರ್ಕಾರದ ಮನುಷ್ಯ ನಮ್ಮ ಸಲುವಾಗಿ ಹಾಗೆ ಕೈ ಮುಗಿಯಬಾರದಿತ್ತು.

ಆಮೇಲೆ ಮೇಲಿನವರಿಗೆ ಬರೆದರು, ಮತ್ತೆ ಮತ್ತೆ ಬರೆದರು. ಕರಾರಿನಲ್ಲಿ ಇಲ್ಲದ್ದಕ್ಕೆ ಏನೂ ಮಾಡಲು ಬರುವುದಿಲ್ಲ ಎಂದು ಪ್ರತಿಸಲ ಉತ್ತರ ಬಂತು. ಉತ್ತರ ಬಂದಾಗಲೆಲ್ಲ ಬಸ್ಸು ಹತ್ತಿ ನಿಪ್ಪಾಣಿಗೆ ಬಂದು, ನಮ್ಮ ಓಣಿಯಲ್ಲಿ ಕೂತು ತಾವೇ ಓದಿ ಹೇಳುತ್ತಿದ್ದರು. ಹೆಂಗಸರು ಬೈಯುತ್ತಿದ್ದರು. “ಬೈರಿ, ಬೈರಿ, ಬೈಸ್ಕೋಬೇಕಂತನ ಬಂದೀನಿ” ಅನ್ನುವರು. ಅಂಚೆಯಲ್ಲಿ ಕಳಿಸಿದ್ದರೆ ಯಾರು ಕೇಳುತ್ತಿದ್ದರು?

ಮೂರು ವರ್ಷ ಮುಗಿಯುವ ಮೊದಲೇ ಅವರು ನಿವೃತ್ತರಾದರು. ಹೊಸ ಸಾಹೇಬರು ಬಂದರು. ನಾನು ಎಲೆಯ ತೂಕದ ಮಾತು ತೆಗೆದರೆ ಗಡಿಯಾರ ನೋಡುತ್ತಿದ್ದರು. ಹೊಸ ಕರಾರು ಮುಂದಕ್ಕೆ, ಮುಂದಕ್ಕೆ ಹೋಯಿತು. ಮತ್ತೆ ಮುಷ್ಕರ ಹೂಡಿ ತಿಂಗಳುಗಟ್ಟಲೆ ಅರೆಹೊಟ್ಟೆ ಇರಲು ಓಣಿಯಲ್ಲಿ ಯಾರೂ ತಯಾರಿರಲಿಲ್ಲ.

ತೊಂಬತ್ತರ ಹೊತ್ತಿಗೆ ಹಳೆಯ ಸಾಹೇಬರಿಗೆ ಲಕ್ವಾ ಹೊಡೆಯಿತೆಂದು ಕೇಳಿ, ಕೊಕಟನೂರ ಕಡೆಯ ಅವರ ಊರಿಗೆ ಹೋದೆ. ಬಲಗೈ ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು. ಗುರುತು ಹಿಡಿದರು. ಕ್ಷೇಮ ಸಮಾಚಾರ ಕೇಳಲಿಲ್ಲ.

“ಎಲಿ... ಪೂರಾ ಕೊಡಾಕತ್ತಾರೇನು?”

“ಕೊಡಾಕತ್ತಾರ್ರಿ ಸಾಹೇಬ್ರ,” ಅಂದೆ.

“ಕಾಗದದಾಗ ಬರಿಸೀರಿ?”

“ಬರಿಸೀವ್ರಿ. ತೂಕ ಸಹಿತ.”

ಎಡಗೈಯಿಂದ ನನ್ನ ಕೈಯನ್ನು ಮೆಲ್ಲಗೆ ಅದುಮಿ ಕಣ್ಣು ಮುಚ್ಚಿದರು. ನನ್ನನ್ನು ಬಾಗಿಲ ತನಕ ಕಳಿಸಲು ಬಂದ ಅವರ ಹೆಂಡತಿ, “ಏನ್ ಹೇಳಿದಿ ಯವ್ವಾ? ನಿದ್ದಿನ ಹತ್ತಿರಲಿಲ್ಲ ಅವ್ರಿಗೆ. ಈಗ ನೋಡು, ಹೆಂಗ ಮಲಗ್ಯಾರ,” ಅಂದರು.

ಎಂಟು ದಿನಕ್ಕೆ ಅವರು ತೀರಿಕೊಂಡರು. ಸುಳ್ಳು ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅದನ್ನು ಖರೆ ಮಾಡಲು ಮಾತ್ರ ನಮ್ಮವ್ವ ಬದುಕಿರುವವರೆಗೂ ನಮ್ಮಿಂದ ಆಗಲಿಲ್ಲ.