ಹೊಲಿಗೆಯಕ್ಕ ಕಾಲಲ್ಲಿ ಆರಿಸಿದ ಟೈಲ್ಸ್

ಕಣ್ಣು ಮಂಜಾದ ಮೇಲೆ ಹೊಲಿಗೆಯಕ್ಕನಿಗೆ ಲೋಕವೆಲ್ಲ ಹಾಲಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿತ್ತು. ಅದಕ್ಕೇನೂ ಅವಳು ಗೋಳಾಡಲಿಲ್ಲ. ಬೀದಿಯವರ ಬಟ್ಟೆಯೆಲ್ಲ ಹೊಲಿದ ಬೆರಳುಗಳು ಇನ್ನೂ ಚುರುಕಾಗಿದ್ದವು, ತಡವಿಕೊಂಡೇ ಗುಂಡಿ ಹಾಕಿಕೊಡುತ್ತಿದ್ದಳು. ಸಹಿಸಲಾಗದ್ದು ಒಂದೇ, ಸ್ನಾನ. ತಮ್ಮನ ಹೆಂಡತಿ ಕೈಹಿಡಿದು ಬಚ್ಚಲಿಗೆ ಕರೆದೊಯ್ದು, ಮುಗಿಯುವ ತನಕ ಅಲ್ಲೇ ನಿಂತಿರುತ್ತಿದ್ದಳು. ಒಳ್ಳೆಯವಳೇ, ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಆದರೂ ಮೈಮೇಲೆ ನೀರು ಬೀಳುವಾಗ ಪಕ್ಕದಲ್ಲಿ ಇನ್ನೊಬ್ಬರ ಉಸಿರು ಕೇಳಿದರೆ, ಆ ನೀರು ನಮ್ಮದು ಅನ್ನಿಸುವುದಿಲ್ಲ.

ಬಚ್ಚಲು ಒಡೆದು ಹೊಸದು ಕಟ್ಟಿಸುವ ಮಾತು ಬಂದಾಗ ಅವಳೊಳಗೆ ಆಸೆಯೊಂದು ಮೆಲ್ಲಗೆ ಕಣ್ಣುಬಿಟ್ಟಿತು. ಒಬ್ಬಳೇ ಮೀಯಬೇಕು.

ಮೇಸ್ತ್ರಿ ಮಾದರಿಗೆಂದು ಟೈಲ್ಸ್ ತಂದು ಹಾಸಿದ.

"ಎರಡಡಿಯದ್ದೇ ಇರ್ಲಿ. ಸಂದು ಕಮ್ಮಿ, ಕೊಳೆ ಕೂರಲ್ಲ," ಎಂದ ತಮ್ಮ.

ಅಕ್ಕ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತಳು. ಅಂಗಾಲಿಗೆ ಏನೂ ಸಿಗಲಿಲ್ಲ. "ನಡುನೀರಲ್ಲಿ ಬಿಟ್ಟಂಗಿದೆ ಕಣೋ, ದಡವೇ ಇಲ್ಲ." ಅಂಗೈಯಗಲದ ಚಿಕ್ಕ ಟೈಲ್ಸಿನ ಮೇಲೆ ಕಾಲಿಟ್ಟಾಗ ಸಂದುಗಳು ಅಂಗಾಲಿಗೆ ತಗುಲಿ ಮುಖ ಅರಳಿತು. "ಇದ್ರಲ್ಲಿ ಹೊಲಿಗೆ ಸಿಗುತ್ತೆ!"

"ಕಾಲಲ್ಲಿ ಟೈಲ್ಸ್ ನೋಡೋರನ್ನ ಇವತ್ತೇ ಕಂಡೆ ಅಕ್ಕ," ಎಂದು ಮೇಸ್ತ್ರಿ ನಕ್ಕ.

"ಮಾತು ಸಾಕು, ಜೋಡಿಸು."

ಸಿಮೆಂಟು ಹಾಕದೆ, ಬಚ್ಚಲ ತುಂಬ ಚಿಕ್ಕವನ್ನೇ ಜೋಡಿಸಿ ನೋಡಿದರು. ಅಕ್ಕ ಬಾಗಿಲಿಂದ ಹೊರಟಳು. ಸಂದುಗಳು ಪುಟ್ಟ ಅಲೆಗಳಂತೆ ಪಾದದಡಿ ಬಂದವು, ಹೋದವು. ತಾನು ಯಾವುದೋ ಬೆಚ್ಚನೆಯ ನದಿಯೊಳಗೆ ಇಳಿಯುತ್ತಿದ್ದೇನೆ ಅನ್ನಿಸಿತು. ಇಳಿದಳು, ಇಳಿದಳು, ಹಣೆ ಗೋಡೆಗೆ ಬಡಿಯಿತು. ನಲ್ಲಿ ಆ ಕಡೆ ಮೂಲೆಯಲ್ಲಿತ್ತು.

ಯಾರೂ ನಗಲಿಲ್ಲ.

"ಹಠ ಬಿಡಕ್ಕ," ತಮ್ಮ ಮೆತ್ತಗೆ ಹೇಳಿದ. "ಕೈ ಹಿಡಿಯೋಕೆ ಇವಳಿಲ್ವಾ?"

ಅಕ್ಕ ಹಣೆ ಉಜ್ಜಿಕೊಳ್ಳುತ್ತ ನಿಂತೇ ಇದ್ದಳು. ಮಂಜಿನೊಳಗೆ ಎಲ್ಲೋ ಒಂದು ಬಿಳಿ ಬಟ್ಟೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

"ನಂದೇ ತಪ್ಪು," ಎಂದಳು ಕೊನೆಗೆ. "ಬಟ್ಟೆ ತುಂಬ ಹೊಲಿಗೆ ಹಾಕಿದ್ರೆ ಅಂಚು ಯಾವುದು ಅಂತ ಹೇಗೆ ಗೊತ್ತಾಗ್ಬೇಕು? ದೊಡ್ಡದನ್ನೇ ಹಾಕು ಮೇಸ್ತ್ರಿ, ಜಾರದಂಥದ್ದು. ಬಾಗಿಲಿಂದ ನಲ್ಲಿಯ ಹತ್ರ ಕೂರೋ ಮಣೆವರೆಗೆ ಮಾತ್ರ ಚಿಕ್ಕದರದ್ದೊಂದು ಪಟ್ಟಿ."

"ನೆಲಕ್ಕೂ ತೇಪೆನಾ?" ತಮ್ಮ ಗೊಣಗಿದ.

"ನಿನ್ನ ಚಡ್ಡಿಗೆ ಹಾಕಿದ ತೇಪೆ ಎಲ್ಲೆಲ್ಲಿತ್ತು ಅಂತ ಹೇಳ್ಲಾ ಈ ಮೇಸ್ತ್ರಿಗೆ?"

ತಮ್ಮನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು.

ಪಟ್ಟಿ ಒಣಗಿ ಗಟ್ಟಿಯಾದ ಮೇಲೆ ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಮ್ಮನ ಹೆಂಡತಿ ಅಭ್ಯಾಸಬಲದಿಂದ ಹೊರಗೆ ಟವೆಲ್ ಹಿಡಿದು ನಿಂತಳು. ನೀರು ಸುರಿದ ಸದ್ದು, ಆಮೇಲೆ ನಿಶ್ಶಬ್ದ.

"ಅಕ್ಕಾ, ಆಯ್ತಾ?"

"ಎಲ್ಲಿ ಆಯ್ತೇ, ಈಗ ತಾನೇ ಕೂತಿದ್ದೀನಿ. ಹೋಗು, ನಿನ್ನ ಕೆಲ್ಸ ನೋಡ್ಕೋ."

ಒಳಗೆ ಮತ್ತೊಂದು ಚೊಂಬು ನೀರು, ಒಂದಿಷ್ಟೂ ಅವಸರವಿಲ್ಲದೆ, ಬಿತ್ತು.