ತಂಗಿಗೆ ದಾಟದೆ ಹೋದದ್ದು

ಕೈ ಹಿಡಿದು ರೋಗ ಗುಣಪಡಿಸುವವರ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಅಷ್ಟು ಅಹಂಕಾರ ಸಲ್ಲುತ್ತದೆಂದು ಭಾವಿಸಿದ್ದೆ. ಓದುಗರು ಇದನ್ನು ಮೊದಲೇ ತಿಳಿದಿರಲಿ.

ಉರ್ವ ಮಾರುಕಟ್ಟೆಯ ಬಳಿ ಅಂಗಡಿಯೊಂದರ ಮಹಡಿಯಲ್ಲಿ ಚಿಕಿತ್ಸೆ ಕೊಡುತ್ತಿದ್ದ ಆ ಮನುಷ್ಯ ಹಿಂದೆ ಬಿಜೈಯಲ್ಲಿ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದವರು. ಆಮೇಲೆ ಎಲ್ಲರಿಗೂ 'ಗುರುಗಳು' ಆದರು. ಅವರು ರೋಗಿಯನ್ನು ಮುಟ್ಟುತ್ತಿರಲಿಲ್ಲ. ರಕ್ತಸಂಬಂಧಿಯೊಬ್ಬರು ರೋಗಿಯ ಕೈ ಹಿಡಿಯಬೇಕು. ಆ ಸಂಬಂಧಿಯ ಇನ್ನೊಂದು ಕೈಯನ್ನು ಗುರುಗಳು ಹಿಡಿಯುತ್ತಿದ್ದರು. ಗುಣವು ಸಂಬಂಧಿಯ ಮೈಯ ಮೂಲಕ ದಾಟುತ್ತದೆಂಬುದು ಅವರ ವಾದ.

ನನ್ನ ತಂಗಿಯ ಎದೆಯಲ್ಲಿ ಗಂಟು ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾಗಿತ್ತು. ಅದಕ್ಕೆ ಮೊದಲು ಒಮ್ಮೆ ಅಲ್ಲಿಗೆ ಹೋಗಬೇಕೆಂದು ಅವಳು ಹಠ ಹಿಡಿದಳು. ಅವಳ ಮಗಳು ಆಗ ದುಬೈಯಲ್ಲಿದ್ದುದರಿಂದ ಕೈ ಹಿಡಿಯುವ ಕೆಲಸ ನನಗೆ ಬಂತು.

ಬೆಳಿಗ್ಗೆ ಹನ್ನೊಂದೂಕಾಲು. ಗುರುಗಳು ನನ್ನ ಬಲಗೈ ಹಿಡಿದು, "ಈ ಮಾಷ್ಟ್ರು ನನ್ನನ್ನು ಪರೀಕ್ಷೆ ಮಾಡ್ಲಿಕ್ಕೆ ಬಂದದ್ದು ಮಾರಾಯ್ರೆ! ಮಾರ್ಕ್ ಎಷ್ಟು ಕೊಡ್ತಾರೋ" ಎಂದರು. ಇಡೀ ಮಹಡಿ ನಕ್ಕಿತು. ಮುಂದಿನ ಸಾಲಿನಲ್ಲಿ ಯಾರ್‍ಯಾರು ನಕ್ಕರೆಂದು ಇಂದಿಗೂ ಹೇಳಬಲ್ಲೆ. ಆ ನಗೆಯ ನಡುವೆಯೇ ನನ್ನ ಬಲಭುಜಕ್ಕೆ ಬಿಸಿನೀರು ಸುರಿದಂತಾಯಿತು. ಆರು ವರ್ಷಗಳಿಂದ ಆ ತೋಳು ಹೆಗಲಿನಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅದನ್ನು ನಾನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಮನೆಗೆ ಬಂದು ಅಂಗಿ ಕಳಚುವಾಗ ತೋಳು ಸಲೀಸಾಗಿ ತಲೆಯ ಮೇಲಕ್ಕೆ ಹೋಯಿತು.

ತಂಗಿಗೆ ಗುರುಗಳು, "ಕರಗಿತು. ಇನ್ನು ಕತ್ತಿ ತಾಗಿಸ್ಬೇಡಿ" ಎಂದಿದ್ದರು. "ನಿಮ್ಮ ಕೈ ನೋಡಿ ಅಣ್ಣ, ಇನ್ನು ನನಗೆಂತ ಆಪರೇಷನ್?" ಎಂದಳು ಅವಳು. ನಾನು ಒತ್ತಾಯಿಸಲಿಲ್ಲ. ಹತ್ತು ತಿಂಗಳಲ್ಲಿ ತೀರಿಕೊಂಡಳು. ಗುರುಗಳು ಮಾತ್ರ ತಮ್ಮ ಪಿತ್ತಕೋಶದ ಕಲ್ಲನ್ನು ಆಸ್ಪತ್ರೆಯಲ್ಲಿ ಕತ್ತಿಯಿಂದಲೇ ತೆಗೆಸಿಕೊಂಡರು. ಇದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಈಗ ಅವರೂ ಇಲ್ಲ. ಸ್ಮಾರಕ ಬೇಕೆನ್ನುವವರು ಒಂದು ಕಡೆ, ಮೋಸಗಾರ ಎನ್ನುವವರು ಇನ್ನೊಂದು ಕಡೆ. ಕಳೆದ ತಿಂಗಳು ಇದಕ್ಕಾಗಿ ನಡೆದ ಸಭೆಗೆ ದುಬೈಯಿಂದ ಮರಳಿದ್ದ ಸೊಸೆಯನ್ನು, ಅಂದರೆ ತಂಗಿಯ ಮಗಳನ್ನು, ಕರೆದುಕೊಂಡು ಹೋದೆ. ಅವಳ ತಾಯಿಯ ಸಾವನ್ನು ಅವಳೆದುರೇ ಸಭೆಗೆ ತಿಳಿಸುವುದು ನನ್ನ ಉದ್ದೇಶ. ನನ್ನ ತೋಳು ಸರಿಯಾದದ್ದನ್ನು ನೋಡಿಯೇ ತಂಗಿ ಆಪರೇಷನ್ ಬಿಟ್ಟಳೆಂದು ಹೇಳಿದೆ. ಮಾತು ಮುಗಿಯುವ ಮೊದಲೇ ಭಕ್ತೆಯೊಬ್ಬಳು ಎದ್ದಳು. "ನೀವು ನಂಬದೆ ಕೂತದ್ದಲ್ವಾ ಮಾಷ್ಟ್ರೆ? ಮತ್ತೆ ಎಂತ ದಾಟುದು? ಆ ಪಾಪದವಳಿಗೆ ಹೋಗ್ಬೇಕಾದ್ದು ನಿಮ್ಮಲ್ಲೇ ನಿಂತಿತು, ಅಷ್ಟೇ."

ಅಂಥ ಮಾತನ್ನು ಕ್ಷಮಿಸುವವನು ನಾನಲ್ಲ. ಭುಜದ ಬಿಗಿತ ತಾನಾಗಿಯೇ ಬಿಡುವುದುಂಟೆಂದು ಅಲ್ಲಿಯೇ ವಿವರಿಸಿದೆ. ಆರು ವರ್ಷ ಬಿಡದ್ದು ಆ ಗಳಿಗೆಯಲ್ಲೇ ಏಕೆ ಬಿಟ್ಟಿತೆಂದು ಯಾರೂ ಕೇಳಲಿಲ್ಲ.

ಹಿಂದಿರುಗುವಾಗ ಸಿಟಿ ಬಸ್ಸಿನಲ್ಲಿ ಸೊಸೆ ಕಿಟಕಿಯ ಕಡೆ ನೋಡುತ್ತಲೇ, "ಮಾಮ, ನಿಮ್ಮ ಕೈ ಈಗ ನೋಯ್ತದಾ?" ಎಂದಳು.

"ಇಲ್ಲ."

"ಒಮ್ಮೆಯಾದ್ರೂ?"

ಸುಳ್ಳು ಹೇಳಬಹುದಿತ್ತು. "ಒಮ್ಮೆಯೂ ಇಲ್ಲ" ಎಂದೆ.

ಪಂಪ್‌ವೆಲ್‌ನಲ್ಲಿ ಅವಳು ಇಳಿದುಹೋದಳು. ಅವಳು ಇಳಿಯಬೇಕಾದ ಸ್ಟಾಪ್ ಇನ್ನೂ ಮುಂದಿತ್ತು. ಅಂದು ನನ್ನ ಮೈಗೆ ಬಂದದ್ದು ಏನು, ಅದು ತಂಗಿಯ ಕೈಯವರೆಗೆ ಏಕೆ ಹೋಗಲಿಲ್ಲ, ನಾನು ಇಂದಿಗೂ ಅರಿಯೆ.